ಮಾವಿನ ಫಸಲೂ ಮದುವೆಯ ಲೆಕ್ಕವೂ

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ತಗುಲಿಕೊಂಡಿರುವ ರಾಯಲ್ಪಾಡು ಹೋಬಳಿಯಲ್ಲಿ ವೈಶಾಖ ಮಾಸವು ಹೆಣ್ಣು ಹೆತ್ತವರ ನಿದ್ದೆಗೆಡಿಸುವ ಮಾಸ. ತೋಟದಲ್ಲಿ ತೋತಾಪುರಿ ಇನ್ನೂ ಹಸುರಾಗಿ ತೂಗುತ್ತಿರುತ್ತದೆ. ಮನೆಯಲ್ಲಿ ಲಗ್ನಪತ್ರಿಕೆ ಆಗಲೇ ಅಚ್ಚಾಗಿ ಬಂದಿರುತ್ತದೆ. ಕಾಯಿ ಇಳಿದು, ಮಂಡಿ ಸೇರಿ, ದುಡ್ಡು ಕೈಗೆ ಬರುವ ಹೊತ್ತಿಗೆ ಜೂನ್ ಕಳೆದು ಜುಲೈ ಆಗುತ್ತದೆ. ಅಷ್ಟರಲ್ಲಿ ಆಷಾಢ, ಆಷಾಢದಲ್ಲಿ ಮದುವೆಯ ಮಾತಿಲ್ಲ. ಹೀಗೆ ಖರ್ಚು ಮುಂದೆ, ವರಮಾನ ಹಿಂದೆ. ನಡುವಣ ಎರಡು ತಿಂಗಳ ಅಂತರವನ್ನು ತುಂಬುವುದಕ್ಕೆಂದು ತಂದ ಕೈಸಾಲವು ಮೊಮ್ಮಕ್ಕಳ ನಾಮಕರಣದವರೆಗೂ ಮನೆಯಲ್ಲಿ ಕುಳಿತಿರುವುದು ಅಪರೂಪವೇನಲ್ಲ.

ತಿಂಗಳ ಮೊದಲ ತಾರೀಖಿಗೆ ಸಂಬಳ ಕಾಣುವ ಬೆಂಗಳೂರಿನ ಸಂಸಾರಗಳಿಗೆ ಇದು ದೂರದ ಊರಿನ ಸಂಗತಿ ಎನ್ನಿಸಬಹುದು. ಆದರೆ ಅಲ್ಲಿ ಮಾವು ಆಡುವ ಆಟವನ್ನೇ ಇಲ್ಲಿ ಬೋನಸ್ಸು, ಭವಿಷ್ಯನಿಧಿ, ಇನ್ನೂ ಕೂಗದ ಚೀಟಿ, ಮಾರಾಟವಾಗದ ನಿವೇಶನ ಇವು ಆಡುತ್ತವೆ. ಕೈಗೆ ಬಾರದ ಹಣವನ್ನು ಬಂದದ್ದೆಂದೇ ಎಣಿಸಿ ಛತ್ರಕ್ಕೆ ಮುಂಗಡ ಕೊಡುವುದು ಎರಡು ಕಡೆಯೂ ಒಂದೇ ಬಗೆಯ ದುಡುಕು.

ಆ ದುಡುಕಿನ ಬೆಲೆ ಎಷ್ಟೆಂಬುದನ್ನು 2025ರ ಬೇಸಗೆ ತೋರಿಸಿಕೊಟ್ಟಿತು. ಶ್ರೀನಿವಾಸಪುರದ ತೋತಾಪುರಿಯಲ್ಲಿ ಬಹುಭಾಗ ಗಡಿಯಾಚೆ ಚಿತ್ತೂರು ಸೀಮೆಯ ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆಗಳನ್ನು ನೆಚ್ಚಿಕೊಂಡದ್ದು. ಆ ವರ್ಷದ ಜೂನ್ ತಿಂಗಳಿನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಗೆ ಪ್ರವೇಶ ನಿರಾಕರಿಸಿತು. ಎರಡೂ ರಾಜ್ಯಗಳ ಮುಖ್ಯಮಂತ್ರಿಗಳ ಮಟ್ಟಕ್ಕೆ ವಿಷಯ ಏರಿ, ಕೊನೆಗೆ ಕೇಂದ್ರ ಸರ್ಕಾರವು ಕ್ವಿಂಟಲಿಗೆ 1,616 ರೂಪಾಯಿಗಳ ದರವನ್ನು ಆಧಾರವಾಗಿಟ್ಟುಕೊಂಡು ವ್ಯತ್ಯಾಸದ ಹಣ ಕೊಡಲು ಒಪ್ಪಬೇಕಾಯಿತು. ಹಿಂದಿನ ವರ್ಷದ ಧಾರಣೆಯನ್ನು ನಂಬಿ ಮಗಳ ಮದುವೆಯ ಪಟ್ಟಿ ಬರೆದವರ ಪಾಡನ್ನು ಊಹಿಸಿಕೊಳ್ಳಬಹುದು. ಆದುದರಿಂದ ಮದುವೆಯ ಲೆಕ್ಕಕ್ಕೆ ಒಳ್ಳೆಯ ವರ್ಷದ ವರಮಾನವನ್ನು ಹಿಡಿಯಲಾಗದು. ಕಳೆದ ನಾಲ್ಕೈದು ವರ್ಷಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದೋ ಅದನ್ನು ಹಿಡಿಯಬೇಕು. ಹಾಲಿನ ಡೈರಿಯ ಬಟವಾಡೆಯಂತೆ ತಪ್ಪದೆ ಬರುವ ಸಣ್ಣ ಹಣವೇ ಇಲ್ಲಿ ದೊಡ್ಡ ಮಾವಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಎಲೆಯ ಲೆಕ್ಕ

ಖರ್ಚಿನ ಪಟ್ಟಿಯನ್ನು ಸಾಮಾನ್ಯವಾಗಿ ಸೀರೆಯಿಂದಲೋ ಒಡವೆಯಿಂದಲೋ ಆರಂಭಿಸುತ್ತಾರೆ. ಆದರೆ ಛತ್ರದ ಅಳತೆ, ಪಾತ್ರೆ, ನೀರು, ತಾಂಬೂಲದ ಚೀಲ, ಬಸ್ಸು ಎಲ್ಲವನ್ನೂ ನಿರ್ಧರಿಸುವುದು ಎಷ್ಟು ಎಲೆ ಹಾಕಬೇಕು ಎಂಬ ಒಂದೇ ಸಂಖ್ಯೆ.

ಒಂದು ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎರಡೆಕರೆ ಮಾವು, ಎರಡು ಹಸು, ನರಸಾಪುರದ ಕಾರ್ಖಾನೆಯೊಂದಕ್ಕೆ ಹೋಗುವ ಮಗ. ಕೂಡಿಟ್ಟದ್ದು 3,50,000 ರೂಪಾಯಿ; ಮಗನೂ ಸೋದರಮಾವನೂ ಸೇರಿ ಕೊಡುವುದು 1,00,000. ಒಟ್ಟು 4,50,000. ಇದರಲ್ಲಿ ಹತ್ತನೆಯ ಒಂದು ಪಾಲು, ಎಂದರೆ 45,000, ಯಾವ ಬಾಬ್ತಿಗೂ ಸೇರದೆ ಪ್ರತ್ಯೇಕವಾಗಿರತಕ್ಕದ್ದು. ಮಳೆ ಬಂದರೆ ಶಾಮಿಯಾನ ಬದಲಾಗುತ್ತದೆ, ಬೀಗರ ಕಡೆಯ ಬಸ್ಸು ಒಂದರ ಬದಲು ಎರಡಾಗುತ್ತದೆ. ಮಿಕ್ಕದ್ದು 4,05,000. ವರಪೂಜೆಯ ರಾತ್ರಿ, ಮುಹೂರ್ತದ ಮಧ್ಯಾಹ್ನ, ಹೀಗೆ ಎರಡು ಹೊತ್ತಿಗೆ 400 ಎಲೆಯಂತೆ, ಎಲೆಯೊಂದಕ್ಕೆ 200 ರೂಪಾಯಿ ಹಿಡಿದರೆ ಊಟಕ್ಕೆ 1,60,000. ಒಡವೆ, ವಸ್ತ್ರ, ಛತ್ರ, ವಾಲಗ, ಪುರೋಹಿತರು ಇವೆಲ್ಲಕ್ಕೂ 2,45,000 ಉಳಿಯುತ್ತದೆ. ಬಿಗಿಯೇ ಹೌದು; ಆದರೆ ಸಾಲವಿಲ್ಲ.

ಈಗ ಮನೆಯ ಹಿರಿಯರೊಬ್ಬರು “ಮದನಪಲ್ಲಿಯವರನ್ನು ಬಿಟ್ಟರೆ ಹೇಗೆ, ಚಿಂತಾಮಣಿಯವರು ಏನೆಂದಾರು?” ಎಂದು ಹೆಸರು ಸೇರಿಸುತ್ತ ಹೋಗಿ 400 ಎಂಬುದು 700 ಆಯಿತೆನ್ನಿ. ಊಟವೊಂದರಲ್ಲೇ 1,20,000 ರೂಪಾಯಿ ಏರಿತು. ಹಳ್ಳಿಯ ಕಡೆ ರೂಢಿಯಲ್ಲಿರುವ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಆ ಹಣ ತಂದರೆ ತಿಂಗಳಿಗೆ 2,400, ವರ್ಷಕ್ಕೆ 28,800. ಅಸಲು ಮುಟ್ಟದೆ ಬಡ್ಡಿಯನ್ನೇ ಕಟ್ಟುತ್ತ ಹೋದರೆ ಐದು ವರ್ಷಕ್ಕೆ 1,44,000. ಉಂಡವರು ಮರೆತ ಊಟಕ್ಕೆ ಊಟದ ಬೆಲೆಯನ್ನೂ ಮೀರಿದ ಬಡ್ಡಿ! ಅಸಲು ಹಾಗೆಯೇ ಉಳಿದಿರುತ್ತದೆ.

ಹಾಗೆ ಕರೆದ ಮೇಲೆ ಬಡಿಸಿದ್ದೆಲ್ಲ ಹೊಟ್ಟೆಗೆ ಹೋಗುವುದೇ ಎಂದರೆ ಅದೂ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು 2012ರ ಸುಮಾರಿಗೆ ನಗರದ ಕಲ್ಯಾಣಮಂಟಪಗಳನ್ನು ಪರಿಶೀಲಿಸಿ, ಅಲ್ಲಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಉತ್ತಮ ಆಹಾರ ವ್ಯರ್ಥವಾಗುತ್ತಿದೆಯೆಂದು ಅಂದಾಜು ಮಾಡಿದ್ದರು. ಮೂರು ಬಗೆಯ ಸಿಹಿ, ಎರಡು ಬಗೆಯ ಪಲಾವು ಎಂದು ಪಟ್ಟಿ ಬೆಳೆದಷ್ಟೂ ಎಲೆಯಲ್ಲಿ ಉಳಿಯುವುದು ಬೆಳೆಯುತ್ತದೆ. ಅಡಿಗೆಯವರೊಡನೆ ಪದಾರ್ಥಗಳ ಸಂಖ್ಯೆ ಕುರಿತು ಚೌಕಾಶಿ ಮಾಡುವುದು ದರದ ಚೌಕಾಶಿಗಿಂತ ಲಾಭಕರ.

ಮುಯ್ಯಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ತೆಲುಗು ಮನೆಮಾತಿನವರು ಚದಿವಿಂಪು ಎನ್ನುವ ಈ ಹಣವನ್ನು ಹಲವರು ವರಮಾನದ ಅಂಕಣದಲ್ಲಿ ಬರೆದುಕೊಳ್ಳುತ್ತಾರೆ. ವಾಸ್ತವವಾಗಿ ಅದು ಬಡ್ಡಿಯಿಲ್ಲದ ಸಾಲ. ಹೆಸರು, ಮೊತ್ತ ಸಹಿತ ಪುಸ್ತಕದಲ್ಲಿ ಏರಿ, ಕೊಟ್ಟವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕಾದದ್ದು.

ತೆರದಿಂದ ವರದಕ್ಷಿಣೆಗೆ

ಈ ಭಾರವೆಲ್ಲ ಹೆಣ್ಣಿನ ಕಡೆಗೇ ಏಕೆ? ಇದು ಅನಾದಿಯಿಂದ ಬಂದ ಪದ್ಧತಿಯೆಂದು ತಿಳಿದಿರುವವರು ತಪ್ಪಾಗಿ ತಿಳಿದಿದ್ದಾರೆ. ಮೈಸೂರು ಸೀಮೆಯ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ‘ತೆರ’ ಕೊಡುತ್ತಿದ್ದರು, ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮೈಸೂರಿನ ವಿವಾಹ ಮತ್ತು ಕುಟುಂಬಗಳ ಕುರಿತು 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಗಳಿವೆ. ಓದು, ನೌಕರಿ, ಪೇಟೆಯ ವಾಸ ಇವುಗಳೊಡನೆ ಗಾಳಿ ತಿರುಗಿತು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದಿತು. ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವಾದವು. ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿಗೂ ಪಟ್ಟಿ ಮಾಡಿ ಸಹಿ ಹಾಕಿಡಬೇಕೆಂಬ ನಿಯಮ 1985ರದು. ಇಂಥ ಪಟ್ಟಿ ಎಷ್ಟು ಮನೆಗಳಲ್ಲಿ ಇದೆಯೋ! “ನಮಗೇನೂ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ” ಎಂಬ ಮೃದುವಾದ ಮಾತು ಕಾಯಿದೆಯ ಕೈಗೆ ಸಿಗುವುದಿಲ್ಲ. ಆ ‘ಚೆನ್ನಾಗಿ’ ಎಂಬುದಕ್ಕೆ ಅಂಕಿ ಎಷ್ಟೆಂದು ತಾಂಬೂಲ ಬದಲಾಯಿಸುವ ಮೊದಲೇ ಕೇಳುವ ಧೈರ್ಯವನ್ನು ಹೆಣ್ಣಿನ ತಂದೆ ತಂದುಕೊಳ್ಳಬೇಕು. ಬೀಗರೂಟ ಯಾರದು, ಆರತಕ್ಷತೆ ಯಾರದು, ಛತ್ರದಲ್ಲಿ ಅರ್ಧ ಪಾಲು ಉಂಟೇ? ಮಾತು ಮುರಿದರೆ ಅಂದೇ ಮುರಿಯುವುದು ಲೇಸು.

ಆಡಂಬರದ ಮೂಲ ಬೀಗರ ಒತ್ತಾಯವೊಂದೇ ಅಲ್ಲ. ಕರ್ನಾಟಕದ ಹಳ್ಳಿಗಳ ಕುಂಬಾರ ಕುಟುಂಬಗಳ ಮದುವೆಗಳನ್ನು ಅಭ್ಯಸಿಸಿ ವಿಜಯೇಂದ್ರ ರಾವ್ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೇಖನವೊಂದು ಕುತೂಹಲಕರ ಸಂಗತಿಯನ್ನು ಹೇಳುತ್ತದೆ: ವರನು ಹೊರಊರಿನವನಾದಾಗ ಹೆಣ್ಣಿನ ಮನೆಯವರು ಸಂಭ್ರಮಕ್ಕೆ ಹೆಚ್ಚು ವ್ಯಯ ಮಾಡುತ್ತಾರೆ. ಅಳಿಯನ ಮನೆತನ ಎಂಥದೆಂಬುದು ಊರಿಗೆ ಗೊತ್ತಿಲ್ಲ. ಗೊತ್ತುಪಡಿಸುವ ಕೆಲಸವನ್ನು ದೀಪ, ವಾದ್ಯ, ಭೋಜನಗಳು ಮಾಡುತ್ತವೆ. ಬೆಂಗಳೂರಿನ ಇಂಜಿನಿಯರು ವರನಾಗಿ ರಾಯಲ್ಪಾಡಿಗೆ ಬಂದಾಗ ಚಪ್ಪರವು ಏಕೆ ಅಷ್ಟೊಂದು ಉದ್ದವಾಗುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ವಿವರಣೆ ಸಿಕ್ಕಲಾರದು.

ಒಡವೆಯ ಮಾತು. ಚಿನ್ನವನ್ನು ರೂಪಾಯಿಯಲ್ಲಿ ನಿಶ್ಚಯಿಸದೆ ಗ್ರಾಂಗಳಲ್ಲಿ ನಿಶ್ಚಯಿಸಿ, ಮಗಳು ಕಾಲೇಜಿನಲ್ಲಿರುವಾಗಿನಿಂದಲೇ ಒಂದೆರಡು ಗ್ರಾಂಗಳಂತೆ ಕೊಂಡಿಡುವವರು ಮುಹೂರ್ತದ ವಾರದ ಧಾರಣೆಗೆ ಅಂಜಬೇಕಾಗಿಲ್ಲ. 916 ಎಂಬ ಮುದ್ರೆಯಿದ್ದರೆ ನೂರಕ್ಕೆ 91.6 ಪಾಲು ಚಿನ್ನವೆಂದು ಅರ್ಥ. ಸವಕಳಿ, ಕೂಲಿ, ಶೇಕಡಾ 3ರ ಸರಕು ಸೇವಾ ತೆರಿಗೆ ಇವು ಚಿನ್ನದ ಬೆಲೆಯ ಮೇಲೆ ಬೀಳುವಂಥವು. ಕಸೂರಿಯ ಕೆಲಸ ಹೆಚ್ಚಾದಷ್ಟೂ ಕೂಲಿ ಹೆಚ್ಚು, ಮಾರುವಾಗ ಆ ಕೂಲಿ ಹಿಂದಿರುಗುವುದಿಲ್ಲ.

ಇಷ್ಟನ್ನೂ ಬೇಡವೆನ್ನುವವರಿಗೆ ದಾರಿಗಳಿವೆ. ಕುವೆಂಪು ಅವರು ರೂಪಿಸಿದ ‘ಮಂತ್ರ ಮಾಂಗಲ್ಯ’ದ ರೀತಿಯಲ್ಲಿ 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹ ನಡೆಯಿತು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸಹಿ ಹಾಕಿ, ಮನೆಯಂಗಳದಲ್ಲಿ ನೂರು ಎಲೆ ಹಾಕುವ ಸಂಸಾರಗಳೂ ಈಗ ಕಂಡುಬರುತ್ತವೆ. ರಾಯಲ್ಪಾಡಿನ ಮಾವಿನ ತೋಪಿನಲ್ಲಿ ಚಪ್ಪರಕ್ಕೆ ಸೊಪ್ಪು ಕೊಳ್ಳಬೇಕಾಗಿಲ್ಲವೆಂಬುದೂ ಒಂದು ಅನುಕೂಲವೇ.

ಯಾವ ದಾರಿ ಹಿಡಿದರೂ ಒಂದು ನೋಟುಪುಸ್ತಕ ಬೇಕು. ಒಂದು ಅಂಕಣದಲ್ಲಿ ಅಂದಾಜು, ಎರಡನೆಯದರಲ್ಲಿ ಕೊಟ್ಟ ಮುಂಗಡ, ಮೂರನೆಯದರಲ್ಲಿ ಬಾಕಿ. ಬರೆಯುವ ಕೆಲಸವನ್ನು ಮದುಮಗಳಿಗೇ ಒಪ್ಪಿಸಿದ ಮನೆಗಳಲ್ಲಿ ಮೂರನೆಯ ಸೀರೆಯನ್ನೂ ಎರಡನೆಯ ವಿಡಿಯೋದವನನ್ನೂ ಅವಳೇ ಹೊಡೆದುಹಾಕುವುದುಂಟು.