ಚೆಲುವಿಗೆ ನಮ್ಮಲ್ಲಿರುವ ಮಾತುಗಳು

ಹೆಣ್ಣು ನೋಡಲು ಬಂದವರು ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋಗುವಾಗ ಆಡುವ ಮಾತು ಹಲವು ವೇಳೆ ಒಂದೇ: “ಹುಡುಗಿ ಒಳ್ಳೆಯವಳೇ, ಬಣ್ಣ ಮಾತ್ರ ಸ್ವಲ್ಪ ಕಡಿಮೆ.” ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಯಾವ ಊರೇ ಆಗಲಿ, ಈ ಮಾತನ್ನು ಕೇಳಿ ನೊಂದ ತಾಯಿತಂದೆಗಳು ಇಲ್ಲದಿಲ್ಲ. ಚೆಲುವನ್ನು ಅಳೆಯಲು ನಮ್ಮ ನುಡಿಯಲ್ಲಿ ಇದೊಂದೇ ಅಳತೆಗೋಲು ಉಂಟೆ? ಕಾವ್ಯಗಳಿಂದ ನಮಗೆ ಬಂದಿರುವ ಪದಗಳನ್ನು ವಿಚಾರಿಸಿದರೆ ಹಾಗೆ ತೋರುವುದಿಲ್ಲ.

‘ಸೊಬಗು’ ಎಂಬ ಪದವನ್ನು ನೋಡಿರಿ. ಇದರ ಮೂಲವು ಸಂಸ್ಕೃತದ ‘ಸುಭಗ’ ಶಬ್ದ. ಭಾಗ್ಯಶಾಲಿ, ಪ್ರೀತಿಗೆ ಪಾತ್ರನಾದವನು ಎಂದು ಅದರ ಅರ್ಥ. ಆದುದರಿಂದ ಒಲವಿಗೆ ಪಾತ್ರವಾದುದೇ ಸೊಬಗು. ‘ಲಾವಣ್ಯ’ವು ಹುಟ್ಟಿದುದು ‘ಲವಣ’ದಿಂದ. ಉಪ್ಪು ಕಣ್ಣಿಗೆ ಕಾಣದೆಯೇ ಅಡಿಗೆಗೆಲ್ಲ ರುಚಿಯನ್ನು ಕೊಡುವಂತೆ, ಇಂಥ ಅಂಗದಲ್ಲಿದೆ ಎಂದು ತೋರಿಸಲಾಗದ ಚೆಲುವು ಅದು. ಚಂದ್ರನ ಕಲೆಯಿಂದ ‘ಮುಖದ ಕಳೆ’ ಬಂದಿತು. ಇನ್ನು ‘ಲಕ್ಷಣವಾದ ಹುಡುಗಿ’ ಎಂದು ಅಜ್ಜಿಯರು ಮೆಚ್ಚುವುದನ್ನು ಕೇಳದವರಾರು? ಇವುಗಳಲ್ಲಿ ಒಂದಕ್ಕಾದರೂ ಬಣ್ಣದ ಹಂಗಿಲ್ಲ.

ಉಪ್ಪಿನ ರುಚಿಯನ್ನೂ ಕಾವ್ಯದ ರುಚಿಯನ್ನೂ ಬಲ್ಲ ಕವಿಯೊಬ್ಬನು ನಮ್ಮ ಸೀಮೆಯಲ್ಲಿಯೇ ಇದ್ದನು. ಈತನು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸ. 16ನೆಯ ಶತಮಾನದ ಆದಿಭಾಗದಲ್ಲಿ, ಚೆಂಗಾಳ್ವರು ಆಳುತ್ತಿದ್ದಾಗ, ಇವನು ಅಡಿಗೆಯನ್ನು ಕುರಿತು ‘ಸೂಪಶಾಸ್ತ್ರ’ವನ್ನು ರಚಿಸಿದನು, ಸಾಂಗತ್ಯ ಛಂದಸ್ಸಿನಲ್ಲಿ ನೇಮಿಜಿನನ ಚರಿತೆಯನ್ನೂ ಬರೆದನು. ಆ ನೇಮಿನಾಥನ ಮೈಬಣ್ಣವು ಕಪ್ಪೆಂದು ಜೈನರ ಸಂಪ್ರದಾಯ. ಮದುವೆಗೆ ಹೊರಟ ದಿಬ್ಬಣದಲ್ಲಿ, ಔತಣಕ್ಕಾಗಿ ಕೂಡಿಹಾಕಿದ್ದ ಪ್ರಾಣಿಗಳ ಗೋಳನ್ನು ಕಂಡು ಮರುಗಿ, ಲೋಕವನ್ನೇ ತೊರೆದವನಾತ. ಅವನ ಕರಿಯ ಬಣ್ಣವು ಭಕ್ತರಿಗೆ ಎಂದೂ ಕುಂದಾಗಿ ಕಾಣಲಿಲ್ಲ. ಭಾರತದ ದ್ರೌಪದಿಗಾದರೂ ‘ಕೃಷ್ಣೆ’ ಎಂಬ ಹೆಸರು ಬಂದುದು ಮೈಬಣ್ಣದಿಂದಲೇ. ಅವಳ ಸ್ವಯಂವರಕ್ಕೆ ದೇಶದೇಶದ ಅರಸರು ನೆರೆದಿರಲಿಲ್ಲವೆ?

ಇಂಥ ಕಥೆಗಳನ್ನು ಭಕ್ತಿಯಿಂದ ಕೇಳುವ ನಾವು, ಹೆಣ್ಣು ನೋಡುವ ಹೊತ್ತಿಗೆ ಅವನ್ನು ಮರೆಯುವುದು ಸರಿಯಲ್ಲ. ಮಾರುವ ಅಂಗಡಿಯಲ್ಲಿ ಬಟ್ಟೆಗೆ ಹೇಳುವ ಮಾತನ್ನು ಮನೆಯ ಮಗಳಿಗೆ ಹೇಳಬಹುದೆ? ಗೃಹಸ್ಥರೂ ಗೃಹಿಣಿಯರೂ ಮುಂದೆ ಇಂಥ ಸಂದರ್ಭ ಬಂದಾಗ ಕಳೆಯನ್ನು ನೋಡಲಿ, ಲಕ್ಷಣವನ್ನು ನೋಡಲಿ. ಕಂಡುದನ್ನು ಆ ಹೆಸರಿನಿಂದಲೇ ಹೇಳಲಿ. ಹುಡುಗಿಯು ಒಳಗೆ ಬಾಗಿಲ ಮರೆಯಲ್ಲಿಯೇ ನಿಂತಿರುತ್ತಾಳೆ. ಹೊರಗೆ ಆಡಿದ ಮಾತೆಲ್ಲವೂ ಅವಳಿಗೆ ಕೇಳಿಸುತ್ತದೆ.