ಮೇಲ್ಭಾಗ, ಕೆಳಭಾಗ ಮತ್ತು ಕಾಲುವೆಯೇ ಇಲ್ಲದ ಭಾಗ

ಸಿಂಧನೂರು ಅಂದ ತಕ್ಷಣ ಕ್ಯಾಂಪಸ್‌ನಲ್ಲಿ ಬಹಳ ಜನ "ಓ, ಸೋನಾ ಮಸೂರಿ!" ಅಂತಾರೆ. ಲಿಂಗಸುಗೂರು ಅಂದ್ರೆ ಹಟ್ಟಿ ಚಿನ್ನದ ಗಣಿ. ಮಸ್ಕಿ ಅಂದ್ರೆ ಹೈಸ್ಕೂಲ್ ಪುಸ್ತಕದ ಅಶೋಕನ ಶಾಸನ. (ಆ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದಿದ್ದು ಬೀಡನ್ ಅನ್ನೋ ಚಿನ್ನದ ಗಣಿಯ ಇಂಜಿನಿಯರ್‌ಗೆ. ಇತಿಹಾಸದವರು ಇದನ್ನ ಜಾಸ್ತಿ ಹೇಳಲ್ಲ, ಅದಕ್ಕೆ ನಾವು ಹೇಳ್ತಿದ್ದೀವಿ.) ಅಕ್ಕಿ, ಚಿನ್ನ, ಅಶೋಕ: ಕೇಳೋಕೆ ಮೂರೂ ಶ್ರೀಮಂತ ಊರುಗಳೇ. ಆದರೆ ಈ ಮೂರು ತಾಲ್ಲೂಕಿನ ನಾವು ನಾಲ್ಕೈದು ಜನ ಒಂದು ಕಡೆ ಕೂತರೆ ಮಾತು ಕೊನೆಗೆ ನೀರಿಗೇ ಬರುತ್ತೆ, ಜಗಳ ಅಲ್ಲಿಂದ ಶುರುವಾಗುತ್ತೆ. ಕಾಲುವೆ ನೀರಲ್ಲಿ ನೆಲ್ಲು ಬೆಳೆಯೋದು ತಪ್ಪಾ? ತಪ್ಪು ಅನ್ನೋದಾದ್ರೆ ಯಾರದು?

ಉಳಿದ ಜಿಲ್ಲೆಯವರಿಗಾಗಿ ಮೊದಲು ನಕ್ಷೆ. ಹೊಸಪೇಟೆ ಹತ್ತಿರದ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಗಿದ್ದು 1945ರಲ್ಲಿ, ಮುಗಿದಿದ್ದು 1953ರಲ್ಲಿ. ಆಗ ನದಿಯ ಎಡದಂಡೆ ಹೈದರಾಬಾದ್ ರಾಜ್ಯ, ಬಲದಂಡೆ ಮದ್ರಾಸು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿಗೆ ಬಂದು, ಅಲ್ಲಿಂದ ಮಾನ್ವಿ, ರಾಯಚೂರು ಕಡೆ ಹೋಗುತ್ತೆ. ಲಿಂಗಸುಗೂರಿನದು ಬೇರೆ ಲೆಕ್ಕ. ಅಲ್ಲಿ ಹಾದು ಹೋಗೋದು ಕೃಷ್ಣಾ ನದಿಯ ನಾರಾಯಣಪುರ ಬಲದಂಡೆ ಕಾಲುವೆ. ಅದರ ಮಟ್ಟಕ್ಕಿಂತ ಮೇಲಿರೋ ಹೊಲಗಳು ಇವತ್ತಿಗೂ ಮಳೆ ನಂಬಿಯೇ ಇವೆ. ಮಸ್ಕಿ ತಾಲ್ಲೂಕು ಆಗಿದ್ದೇ ಇತ್ತೀಚೆಗೆ, ಸಿಂಧನೂರು, ಲಿಂಗಸುಗೂರು, ಮಾನ್ವಿ ಮೂರರಿಂದಲೂ ಹಳ್ಳಿಗಳನ್ನ ತೆಗೆದು ಸೇರಿಸಿ. ಹಾಗಾಗಿ ಒಂದೇ ತಾಲ್ಲೂಕಿನಲ್ಲಿ ಒಂದಿಷ್ಟು ಹಳ್ಳಿಗೆ ತುಂಗಭದ್ರೆ ಇದೆ, ಒಂದಿಷ್ಟಕ್ಕೆ ಏನೂ ಇಲ್ಲ. ಬಸ್ಸಲ್ಲಿ ಹೋಗ್ತಾ ಕಿಟಕಿಯಲ್ಲೇ ಗೊತ್ತಾಗುತ್ತೆ: ಸ್ವಲ್ಪ ಹೊತ್ತು ಕಣ್ಣು ಹಾಯಿಸಿದಷ್ಟೂ ಹಸಿರು ಗದ್ದೆ, ಆಮೇಲೆ ಸಜ್ಜೆ, ತೊಗರಿ, ಜಾಲಿ ಗಿಡ.

ಈಗ ಜಗಳದ ಬೇರು. ಎಡದಂಡೆ ಕಾಲುವೆ ನೆಲ್ಲಿಗಾಗಿ ಕಟ್ಟಿದ್ದಲ್ಲ. ಬರದ ನಾಡಲ್ಲಿ ಇರೋ ನೀರನ್ನ ತೆಳ್ಳಗೆ, ಆದಷ್ಟು ಜಾಸ್ತಿ ಹೊಲಕ್ಕೆ ಹರಡಿ, ಮಳೆ ಕೈಕೊಟ್ಟ ವರ್ಷ ಬೆಳೆ ಒಣಗದಂತೆ ನೋಡಿಕೊಳ್ಳೋದು ಆಗಿನ ಉದ್ದೇಶ. ಅದಕ್ಕೆ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅಂತ ಮೊದಲೇ ಬರೆದಿಟ್ಟರು. ಬಹುಪಾಲು ಜೋಳ, ಹತ್ತಿ, ಶೇಂಗಾ ಥರದ ಹಗುರ ಬೆಳೆ, ನೆಲ್ಲು ಕಬ್ಬಿಗೆ ಸಣ್ಣ ಪಾಲು. ಇಲಾಖೆಯವರು ಇದಕ್ಕೆ ಲೋಕಲೈಜೇಶನ್ ಅಂತಾರೆ. ಕಾಲುವೆಯ ಅಗಲ, ತೂಬಿನ ಅಳತೆ ಎಲ್ಲಾ ಈ ಲೆಕ್ಕದ ಮೇಲೆ ನಿಂತಿದೆ.

ನಾವು ಇಂಜಿನಿಯರಿಂಗ್ ಓದೋರು, ಲೆಕ್ಕ ಹಾಕಿಯೇ ನೋಡೋಣ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಒಂದು ಎಕರೆ 43,560 ಚದರ ಅಡಿ. ಭಾಗಿಸಿದರೆ ಒಂದು ಟಿಎಂಸಿ ನೀರು ಸುಮಾರು 23 ಸಾವಿರ ಎಕರೆಯಲ್ಲಿ ಒಂದು ಅಡಿ ನಿಲ್ಲುತ್ತೆ. ನೆಲ್ಲಿಗೆ ಇಡೀ ಹಂಗಾಮಿಗೆ ನಾಲ್ಕು ಅಡಿ ಅಂತ ಹಿಡಿಯಿರಿ: 5,700 ಎಕರೆ. ಜೋಳಕ್ಕೆ 500 ಮಿಲಿಮೀಟರ್, ಅಂದ್ರೆ ಒಂದೂವರೆ ಅಡಿ ಮೇಲೆ ಸ್ವಲ್ಪ: 14 ಸಾವಿರ ಎಕರೆ. ದಾರಿಯಲ್ಲಿ ಇಂಗೋದು, ಆವಿಯಾಗೋದು, ಮಳೆಯಿಂದ ಸಿಗೋದು ಯಾವುದನ್ನೂ ಸೇರಿಸಿಲ್ಲ. ಆದರೂ ಅಂದಾಜು ಸಿಗುತ್ತಲ್ಲ? ಒಂದು ಎಕರೆ ನೆಲ್ಲು ಬೆಳೆದರೆ ಕೆಳಗಡೆ ಎಲ್ಲೋ ಎರಡೂವರೆ ಎಕರೆ ಜೋಳದ ನೀರು ಹೋಯ್ತು ಅಂತ ಅರ್ಥ.

ಅದೂ ಎಲ್ಲರಿಗೂ ಸಮನಾಗಿ ಹೋಗಲ್ಲ, ಇದೇ ಮುಖ್ಯ ಮಾತು. ಕಾಲುವೆಗೆ 100 ಪಾಲು ನೀರು ಬಿಡಬೇಕು, ಮೇಲ್ಭಾಗಕ್ಕೆ 50, ಕೆಳಭಾಗಕ್ಕೆ 50 ಅಂತಿಟ್ಟುಕೊಳ್ಳಿ. ಈ ವರ್ಷ 80 ಪಾಲೇ ಬಂತು. ಕೊರತೆ ನೂರಕ್ಕೆ 20. ಆದರೆ ಮೇಲಿನವರು ತಮ್ಮ 50 ತಗೊಂಡರೆ ಕೆಳಗಿನವರಿಗೆ ಉಳಿಯೋದು 30, ಅವರ ಕೊರತೆ ನೂರಕ್ಕೆ 40. ಮೇಲಿನವರು ನೆಲ್ಲಿಗೆ ಅಂತ 60 ಎಳೆದರೆ ಕೆಳಗೆ 20, ಕೊರತೆ ನೂರಕ್ಕೆ 60. ಯಾರೂ ತೂಬು ಒಡೆಯಬೇಕಿಲ್ಲ, ರಾತ್ರಿ ಪಂಪ್‌ಸೆಟ್ ಇಡಬೇಕಿಲ್ಲ, ಕಾಲುವೆಯ ಆಕಾರವೇ ಇಷ್ಟು ಅನ್ಯಾಯ ಮಾಡುತ್ತೆ. ಪಂಪ್‌ಸೆಟ್ ಬಂದ ಮೇಲಂತೂ ಕೇಳೋದೇ ಬೇಡ. ನೀರು ಕಮ್ಮಿ ಇದ್ದ ವರ್ಷಗಳಲ್ಲಿ ಕಾಲುವೆಯ ದಂಡೆ ಮೇಲೆ ನಿಷೇಧಾಜ್ಞೆ ಹಾಕಿ, ಪೊಲೀಸರನ್ನ ಕಾವಲಿಗೆ ಕಳಿಸ್ತಾರೆ. ಬೇರೆ ಕಡೆ ಗಲಾಟೆಗೆ ನಿಷೇಧಾಜ್ಞೆ ಹಾಕ್ತಾರೆ, ನಮ್ಮ ಕಡೆ ನೀರಿಗೆ.

ಅಣೆಕಟ್ಟೂ ಮೊದಲಿನಂತಿಲ್ಲ. ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು. ಹೂಳು ತುಂಬಿ ಈಗ 105 ಚಿಲ್ಲರೆ. ಹೋದ 27 ಟಿಎಂಸಿಗೆ ಬದಲಾಗಿ ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟಬೇಕು ಅನ್ನೋ ಮಾತು ವರ್ಷಗಳಿಂದ ಇದೆ, ಆಂಧ್ರ ತೆಲಂಗಾಣ ಒಪ್ಪಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಮ್ಮ ಮನೆಗಳಲ್ಲಿ ಒಂದು ವಾರ ಟಿವಿ ಆಫ್ ಆಗಲಿಲ್ಲ. ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟ್ ಇಳಿಸಿದ್ದನ್ನ ಮೆಕ್ಯಾನಿಕಲ್‌ನವರು ನೋಡಿರ್ತೀರಿ.

ಈಗ ಕಷ್ಟದ ವಿಷಯ. "ಇದೆಲ್ಲಾ ಕ್ಯಾಂಪಿನವರಿಂದ ಆಗಿದ್ದು" ಅನ್ನೋ ಮಾತು ನಮ್ಮ ಕಡೆ ಚಹಾದಂಗಡಿಯಲ್ಲಿ ಸಲೀಸಾಗಿ ಬರುತ್ತೆ. ಕಾಲುವೆ ಬಂದ ಹೊಸದರಲ್ಲಿ ಕರಾವಳಿ ಆಂಧ್ರದಿಂದ ಬಂದ ರೈತರು ಇಲ್ಲಿ ಅಗ್ಗಕ್ಕೆ ಎರೆ ಹೊಲ ಕೊಂಡು, ಸಮತಟ್ಟು ಮಾಡಿ, ನೆಲ್ಲು ಹಚ್ಚಿದರು. ಅವರ ಊರುಗಳೇ ಕ್ಯಾಂಪುಗಳು. ಸಿಂಧನೂರಿನ ಸುತ್ತ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳೂ ಇವೆ, ಆದರೆ ಅವರ ಕತೆ ಬೇರೆ, ಎರಡನ್ನೂ ಕಲಸಬಾರದು. ಕ್ಯಾಂಪಿನವರು ನೆಲ್ಲು ತಂದರು ಅನ್ನೋದು ನಿಜ. ಆದರೆ ಅವರು ಮಾತ್ರ ಬೆಳೀತಾರೆ ಅನ್ನೋದು ಸುಳ್ಳು. ಇವತ್ತು ನೀರು ಕೈಗೆ ಸಿಗೋ ಪ್ರತಿಯೊಬ್ಬರೂ, ಯಾವ ಜಾತಿ ಯಾವ ಭಾಷೆಯವರಾದರೂ, ನೆಲ್ಲೇ ಹಚ್ತಾರೆ. ನಮ್ಮಲ್ಲೇ ಇಬ್ಬರ ಮನೆಯಲ್ಲಿ ನೆಲ್ಲಿದೆ, ಅದರ ದುಡ್ಡಲ್ಲೇ ಫೀಸ್ ಕಟ್ಟಿದ್ದು. ಯಾಕೆ ಅಂದ್ರೆ ನೆಲ್ಲಿಗೆ ಹತ್ತಿರದಲ್ಲೇ ಮಿಲ್ಲಿದೆ, ಕೊಳ್ಳೋರಿದ್ದಾರೆ, ಬೆಲೆ ಎದ್ದುಬಿದ್ದರೂ ಮಾಲು ಮಾರಾಟ ಆಗುತ್ತೆ. ಜೋಳಕ್ಕೆ ಅಷ್ಟು ಗ್ಯಾರಂಟಿ ಇಲ್ಲ. ಇನ್ನೊಂದು ಕಾರಣ, ಸುತ್ತ ಎಲ್ಲರೂ ನೀರು ನಿಲ್ಲಿಸಿದಾಗ ನಡುವಿನ ಎರೆ ಹೊಲಕ್ಕೆ ಜೌಗು ಬರುತ್ತೆ, ಅಲ್ಲಿ ಹತ್ತಿ ಹಾಕ್ತೀನಿ ಅಂದ್ರೂ ಆಗಲ್ಲ. ನೆಲ್ಲು ಪಕ್ಕದ ಹೊಲವನ್ನೂ ನೆಲ್ಲು ಮಾಡುತ್ತೆ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು, ಊರಲ್ಲಿ ಹೇಳಿದರೆ ಎರಡೂ ಕಡೆಯವರು ಬೈತಾರೆ. ಕಾಗದದಲ್ಲಿ ಒಂದು ಬೆಳೆ, ಗದ್ದೆಯಲ್ಲಿ ಇನ್ನೊಂದು, ಎಪ್ಪತ್ತು ವರ್ಷದಿಂದ ಎಲ್ಲರಿಗೂ ಗೊತ್ತಿದ್ದೂ ಯಾರೂ ಮುಟ್ಟದ ಈ ಸ್ಥಿತಿಯೇ ಕೆಳಭಾಗದವರಿಗೆ ಮಾಡೋ ಮೋಸ. ಬೆಳೆ ಉಲ್ಲಂಘನೆಗೆ ಬರೀ ದಂಡ ಹಾಕಿದರೆ ಸಣ್ಣ ರೈತ ಸಿಕ್ಕಿಬೀಳ್ತಾನೆ, ದೊಡ್ಡವರು ಫೋನ್ ಮಾಡ್ತಾರೆ. ಜೋಳಕ್ಕೆ, ತೊಗರಿಗೆ ನೆಲ್ಲಿನಷ್ಟೇ ಖಾತ್ರಿಯಾದ ಖರೀದಿ ಬಂದ್ರೆ ಮಾತ್ರ ಮೇಲಿನವರಿಗೆ ಬೆಳೆ ಬದಲಿಸಿ ಅನ್ನೋಕೆ ಮುಖ ಇರುತ್ತೆ. ಇದೇ ಕಾಲುವೆಯನ್ನ ಅಧ್ಯಯನ ಮಾಡಿ ನೆದರ್‌ಲ್ಯಾಂಡ್ಸ್‌ನ ಪೀಟರ್ ಮೊಲ್ಲಿಂಗ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಅಷ್ಟು ದೂರದವರಿಗೆ ಕುತೂಹಲ ಇದೆ, ನಮ್ಮ ಸಿಲಬಸ್‌ನಲ್ಲಿ ಇದರ ಹೆಸರೂ ಇಲ್ಲ.

ಈಗ ಮಸ್ಕಿ. ನಾರಾಯಣಪುರ ಬಲದಂಡೆಯಿಂದ 5ಎ ಕಾಲುವೆ ತೆಗೆದು ಒಣ ಹಳ್ಳಿಗಳಿಗೆ ನೀರು ಕೊಡಿ ಅಂತ 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. 2021ರ ಏಪ್ರಿಲ್ 17ಕ್ಕೆ ಮಸ್ಕಿ ಉಪಚುನಾವಣೆ ಬಂತು, ಪ್ರಚಾರದ ತುಂಬ ಇದೇ ಮಾತು. ಸರ್ಕಾರದ ಕಡೆಯಿಂದ ಬಂದ ಉತ್ತರ ನಂದವಾಡಗಿ ಏತ ನೀರಾವರಿ: ನೀರು ಮೇಲೆತ್ತಿ ಹನಿ ನೀರಾವರಿಯಲ್ಲಿ ಕೊಡ್ತೀವಿ. ರೈತರು ಹರಿ ನೀರೇ ಬೇಕು ಅಂದರು.

ಹೊರಗಿನಿಂದ ನೋಡಿದರೆ ಹನಿ ನೀರಾವರಿ ಬೇಡ ಅನ್ನೋದು ಹಟ ಅನ್ನಿಸಬಹುದು. ಕಮ್ಮಿ ನೀರು, ಜಾಸ್ತಿ ಎಕರೆ, ನಾವೇ ಮೇಲೆ ಹಾಕಿದ ಲೆಕ್ಕ. ಆದರೆ ರೈತರ ಲೆಕ್ಕದಲ್ಲಿ ಕರೆಂಟ್ ಇದೆ, ಕೆಟ್ಟ ಮೋಟಾರ್ ಇದೆ, ಇಲಿ ಕಡಿದ ಪೈಪ್ ಇದೆ, ಐದು ವರ್ಷ ಆದಮೇಲೆ ರಿಪೇರಿಗೆ ಯಾರು ಬರ್ತಾರೆ ಅನ್ನೋ ಪ್ರಶ್ನೆ ಇದೆ. ಇಳಿಜಾರಲ್ಲಿ ಹರಿಯೋ ನೀರಿಗೆ ಬಿಲ್ ಬರಲ್ಲ. ಮೇಲಾಗಿ, ಸಿಂಧನೂರಿನವರಿಗೆ ಗದ್ದೆ ತುಂಬ ನೀರು, ನಮಗೆ ಮಾತ್ರ ಹನಿ ಯಾಕೆ ಅಂತ ಅವರು ಕೇಳಿದರೆ ಉತ್ತರ ಕೊಡೋದು ಕಷ್ಟ. ಈ ಒಣ ಹಳ್ಳಿಗಳಿಂದಲೇ ಜನ ಸುಗ್ಗಿ ಮುಗಿದ ಮೇಲೆ ಗುಳೆ ಹೋಗ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಕಟ್ಟೋ ಕಡೆ ತಗಡಿನ ಶೆಡ್‌ಗಳಲ್ಲಿ ಯಾವ ಊರು ಅಂತ ಕೇಳಿ ನೋಡಿ, ಲಿಂಗಸುಗೂರು, ಮಸ್ಕಿ ಅನ್ನೋ ಉತ್ತರ ಸಿಕ್ಕೇ ಸಿಗುತ್ತೆ.

ನಾವು 5ಎ ಪರ. ನಮ್ಮಲ್ಲಿ ಸಿಂಧನೂರಿನವರೂ ಒಪ್ಪಿದ್ದಾರೆ, ಸ್ವಲ್ಪ ವಾದ ಆದಮೇಲೆ. ಆದರೆ ಕಾಲುವೆ ಬಂದ ಮೊದಲ ವರ್ಷವೇ ಅದರ ಬಾಯಲ್ಲಿರೋ ಹಳ್ಳಿಯವರು ನೆಲ್ಲು ಹಚ್ಚಿದರೆ, ಇವತ್ತು ಧರಣಿ ಕೂತವರಲ್ಲೇ ಅರ್ಧ ಜನ ನಾಳೆ ಕೆಳಭಾಗದವರಾಗ್ತಾರೆ. ಯಾವ ಹಳ್ಳಿಗೆ ಎಷ್ಟು, ಯಾವ ಬೆಳೆ ಅನ್ನೋದನ್ನ ಅಗೆಯೋ ಮೊದಲೇ ಗ್ರಾಮಸಭೆಯಲ್ಲಿ ಕೂತು ಬರೀಬೇಕು, ಕಚೇರಿಯಲ್ಲಿ ಅಲ್ಲ.

ಕೊನೆಗೆ ಒಂದು ಸಣ್ಣ ಕೆಲಸ. ಇವತ್ತು ಕೆಳಭಾಗದ ರೈತನಿಗೆ ತನ್ನ ಉಪಕಾಲುವೆಗೆ ಎಷ್ಟು ನೀರು ಬಂತು ಅಂತ ಗೊತ್ತಾಗೋದು ದಂಡೆ ಮೇಲೆ ನಿಂತು ನೋಡಿದಾಗಲೇ. ಗೇಜಿನ ಅಂಕಿ ಇಲಾಖೆಯ ಹತ್ತಿರ ಇರುತ್ತೆ. ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಸಿಮ್, ಒಂದು ಸಣ್ಣ ಸೋಲಾರ್ ಪ್ಯಾನೆಲ್ ಇದ್ದರೆ ನೀರಿನ ಮಟ್ಟ ಪ್ರತಿ ಗಂಟೆಗೊಮ್ಮೆ ಊರಿನವರ ಮೊಬೈಲ್‌ಗೆ ಬರುತ್ತೆ, ಮೇಲಿನ ಉಪಕಾಲುವೆಯದೂ ಕೆಳಗಿನದೂ ಪಕ್ಕಪಕ್ಕದಲ್ಲಿ. ಮುಂದಿನ ವರ್ಷದ ಮಿನಿ ಪ್ರಾಜೆಕ್ಟ್‌ಗೆ ಮತ್ತೆ ಅಟೆಂಡೆನ್ಸ್ ಆ್ಯಪ್ ಮಾಡೋಣ ಅಂತಿರೋ ಇ ಅಂಡ್ ಸಿ, ಸಿವಿಲ್ ಗೆಳೆಯರು ಕನ್ನಡ ಸಂಘದ ಕೋಣೆಗೆ ಬನ್ನಿ. ದಂಡೆ ಮೇಲೆ ಜಾಗ ನಾವು ತೋರಿಸ್ತೀವಿ, ಊಟ ನಮ್ಮ ಮನೆಯದು. ಜೋಳದ ರೊಟ್ಟಿನೂ ಇರುತ್ತೆ, ಅನ್ನನೂ ಇರುತ್ತೆ.