ದನಿಯ ಹಿಂದಿನ ಮುಖ

ಹಾಡುವವರು ಒಬ್ಬರು, ತುಟಿ ಆಡಿಸುವವರು ಇನ್ನೊಬ್ಬರು! ನಮ್ಮ ಸಿನಿಮಾದ ಈ ಸೋಜಿಗಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ಹಾಡಿದವಳು ಯಾರು, ಹೇಗೆ ಹಾಡಿದಳು ಎಂದು ಕೇಳುವುದನ್ನೇ ಮರೆತಿದ್ದೇವೆ. ಒಗ್ಗರಣೆ ಹಾಕುತ್ತಾ ರೇಡಿಯೊದಲ್ಲಿ ಲತಾ ಮಂಗೇಶ್ಕರರ ಹಾಡು ಕೇಳಿದವರು ನಾವೆಲ್ಲ. ಆದರೆ ಆಕೆಯ ಮಾತು ಕೇಳಿದವರು ಎಷ್ಟು ಮಂದಿ, ಹೇಳಿ?

ಆ ಮಾತನ್ನು ಕೇಳಿಸಿದ್ದು ಒಬ್ಬ ಹೆಣ್ಣುಮಗಳೇ. ಹೈದರಾಬಾದಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ನಸ್ರೀನ್ ಮುನ್ನಿ ಕಬೀರ್ ಬ್ರಿಟನ್ನಿನ 'ಚಾನೆಲ್ 4' ಟೆಲಿವಿಷನ್ನಿಗಾಗಿ ಹಿಂದಿ ಚಿತ್ರರಂಗದ ಮೇಲೆ 'ಮೂವಿ ಮಹಲ್' ಸರಣಿ ಮಾಡಿದ್ದರು. 1989ರಲ್ಲಿ ಗುರುದತ್ತರ ಮೇಲೆ ಸಾಕ್ಷ್ಯಚಿತ್ರ ಬಂತು. 1991ರಲ್ಲಿ ಲತಾ ಅವರ ಸರದಿ. ಆರು ಕಂತುಗಳ ಆ ಸರಣಿಯ ಹೆಸರು 'ಲತಾ ಇನ್ ಹರ್ ಓನ್ ವಾಯ್ಸ್', ಅಂದರೆ 'ಲತಾ, ಅವರದೇ ದನಿಯಲ್ಲಿ'.

ಕ್ಯಾಮೆರಾ ಒಲ್ಲದ ಹುಡುಗಿ

ನಟಿಯ ಜೀವನಚಿತ್ರ ತೆಗೆಯುವುದು ಸುಲಭ. ಹಳೆಯ ಚಿತ್ರಗಳ ತುಣುಕು ಜೋಡಿಸಿದರೆ ಅವಳ ಮುಖ ಕಾಣುತ್ತದೆ. ಹಿನ್ನೆಲೆ ಗಾಯಕಿಯ ಪಾಡು ಹಾಗಲ್ಲ ನೋಡಿ. ಹಾಡು ಲತಾ ಅವರದು, ತೆರೆಯ ಮೇಲಿರುವುದು ಮಧುಬಾಲಾ, ನರ್ಗೀಸ್ ಅಥವಾ ವೈಜಯಂತಿಮಾಲಾ! ಹಾಗಾಗಿ ಇಂಥ ಚಿತ್ರಕ್ಕೆ ಜೀವಾಳವೆಂದರೆ ಗಾಯಕಿ ತಾವೇ ಕುಳಿತು ಹೇಳುವ ಮಾತು.

ಆದರೆ ಲತಾ ಅವರಿಗೆ ಕ್ಯಾಮೆರಾ ಎಂದರೆ ಹಿಂದಿನಿಂದಲೂ ಅಷ್ಟಕ್ಕಷ್ಟೆ. ರಂಗನಟ, ಗಾಯಕ ದೀನಾನಾಥ ಮಂಗೇಶ್ಕರ್ 1942ರ ಏಪ್ರಿಲಿನಲ್ಲಿ ತೀರಿಕೊಂಡಾಗ ಹಿರಿಮಗಳು ಲತಾಗೆ ಇನ್ನೂ ಹನ್ನೆರಡು ವರ್ಷ. ಬೆನ್ನಿಗೆ ಮೀನಾ, ಆಶಾ, ಉಷಾ, ಹೃದಯನಾಥ್. ಮನೆ ನಡೆಯಬೇಕಲ್ಲ? ಮರಾಠಿ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. ಮುಖಕ್ಕೆ ಬಣ್ಣ, ಕಣ್ಣು ಕುಕ್ಕುವ ದೀಪ, ಯಾವುದೂ ಹಿಡಿಸಲಿಲ್ಲ. ಹಾಡೇ ಸಾಕು ಎನಿಸಿತು. ಹಾಗೆ ದೂರ ಸರಿದಿದ್ದ ಆಕೆ ಅರವತ್ತು ದಾಟಿದ ಮೇಲೆ ಕ್ಯಾಮೆರಾ ಮುಂದೆ ಕುಳಿತರು. ಈ ಸಲ ಬೇರೊಬ್ಬರ ಪಾತ್ರಕ್ಕಲ್ಲ, ತಮ್ಮ ಕಥೆಗೆ.

ಹಾಡಿನ ಹಿಂದಿನ ಬೆವರು

ತಮ್ಮ ಕೆಲಸದ ಬಗ್ಗೆ ಆಕೆ ಹೇಳಿಕೊಂಡಿರುವುದನ್ನು ಕೇಳಿದರೆ ಅಚ್ಚರಿಯಾಗುತ್ತದೆ. ಆಗೆಲ್ಲ ಚಿತ್ರೀಕರಣ ಮುಗಿದ ಮೇಲೆ ಅದೇ ಸ್ಟುಡಿಯೊದಲ್ಲಿ ರಾತ್ರಿ ಧ್ವನಿಮುದ್ರಣ. ಸದ್ದಾಗುತ್ತದೆಂದು ಫ್ಯಾನೂ ಹಾಕುವಂತಿಲ್ಲ! ವಾದ್ಯದವರು, ಹಾಡುವವರು ಎಲ್ಲರೂ ಒಟ್ಟಿಗೆ. ಒಬ್ಬರು ತಪ್ಪಿದರೂ ಮತ್ತೆ ಮೊದಲಿನಿಂದ. 1949ರ 'ಮಹಲ್' ಚಿತ್ರದ ಹಾಡಿಗೆ ದನಿ ದೂರದಿಂದ ತೇಲಿ ಬಂದಂತಿರಬೇಕಿತ್ತು. ಮೈಕನ್ನು ಕೋಣೆಯ ನಡುವೆ ಇಟ್ಟು, ಲತಾ ಮೂಲೆಯಿಂದ ಹಾಡುತ್ತಾ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬಂದರಂತೆ.

ಅವರ ಮರಾಠಿ ಉಚ್ಚಾರಣೆ ಕೇಳಿ, ಅವರ ಉರ್ದುವಿನಲ್ಲಿ ಬೇಳೆ-ಅನ್ನದ ವಾಸನೆ ಎಂದು ದಿಲೀಪ್ ಕುಮಾರ್ ಛೇಡಿಸಿದ್ದುಂಟು. ಮುನಿಸಿಕೊಂಡು ಕೂರಲಿಲ್ಲ ಲತಾ; ಮೇಷ್ಟರನ್ನಿಟ್ಟುಕೊಂಡು ಉರ್ದು ಕಲಿತರು.

ಇಷ್ಟೆಲ್ಲ ಆದ ಮೇಲೆ 'ಮಹಲ್' ಹಾಡಿನ ಗ್ರಾಮೊಫೋನ್ ತಟ್ಟೆಯ ಮೇಲೆ ಯಾರ ಹೆಸರಿತ್ತು ಗೊತ್ತೆ? 'ಕಾಮಿನಿ'! ಅದು ಮಧುಬಾಲಾ ಅವರ ಪಾತ್ರದ ಹೆಸರು. "ಯಾರು ಇದು ಹಾಡಿದ್ದು?" ಎಂದು ಕೇಳುಗರು ರೇಡಿಯೊದವರಿಗೆ ಪತ್ರ ಬರೆದ ಮೇಲಷ್ಟೇ ಗಾಯಕಿಯ ಹೆಸರು ಹೊರಬಿತ್ತು. ಹಿನ್ನೆಲೆ ಗಾಯಕರಿಗೆ ಪ್ರಶಸ್ತಿಯೇ ಇಲ್ಲವೆಂದು ಆಕೆ ಫಿಲ್ಮ್‌ಫೇರ್ ಸಮಾರಂಭದಲ್ಲಿ ಹಾಡಲು ಒಪ್ಪಲಿಲ್ಲ. 1959ರಲ್ಲಿ ಆ ಪ್ರಶಸ್ತಿ ಶುರುವಾದಾಗ ಮೊದಲು ಬಂದದ್ದು ಅವರಿಗೇ, 'ಮಧುಮತಿ'ಯ ಹಾಡಿಗೆ. ಮೆಲುದನಿಯ ಹೆಣ್ಣಿನ ಗಟ್ಟಿತನ ಅಂದ್ರೆ ಇದೇ ಅಲ್ಲವೇ?

ನಮ್ಮವರಿಗೂ 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ ಕನ್ನಡದಲ್ಲಿ ಹಾಡಿದ ಲತಾ, 2022ರ ಫೆಬ್ರುವರಿ 6ರಂದು ತೀರಿಕೊಂಡರು. ಹಾಡುಗಳು ಹೇಗೂ ಉಳಿಯುತ್ತಿದ್ದವು. ಆದರೆ ಅವರು ಹೇಳಿದ ಕಥೆ ಉಳಿದದ್ದು, ಯಾರೋ ಒಬ್ಬರು ಎದುರಿಗೆ ಕುಳಿತು ಕೇಳಿದ್ದರಿಂದ. ಕಬೀರ್ ಅಲ್ಲಿಗೇ ಬಿಡದೆ ಮತ್ತೆ ಮಾತನಾಡಿಸಿ 2009ರಲ್ಲಿ ಪುಸ್ತಕವನ್ನೂ ತಂದರು.

ನಮ್ಮ ಮನೆಯಲ್ಲೂ

ಸೋದರಿಯರೇ, ಸೋಬಾನೆ, ಬೀಸುವ ಪದ, ಆರತಿ ಹಾಡು ಬಲ್ಲ ಅಜ್ಜಿಯೋ ಅತ್ತೆಯೋ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ಹೆಸರು ಯಾವ ತಟ್ಟೆಯ ಮೇಲೂ ಇಲ್ಲ. ಒಂದು ಮಧ್ಯಾಹ್ನ ಫ್ಯಾನು, ಟಿ.ವಿ. ನಿಲ್ಲಿಸಿ, ಮೊಬೈಲು ಹತ್ತಿರವಿಟ್ಟು ಹಾಡಿಸಿ. ಮೊದಲು ಅವರ ಹೆಸರು, ಊರು ಹೇಳಿಸಿ. ಹಾಡು ಮುಗಿದೊಡನೆ ನಿಲ್ಲಿಸಬೇಡಿ; "ಇದನ್ನ ಯಾರಿಂದ ಕಲಿತ್ರಿ? ಯಾವಾಗ ಹಾಡ್ತಿದ್ರಿ?" ಎಂದು ಕೇಳಿ, ಸುಮ್ಮನೆ ಕುಳಿತುಬಿಡಿ. ನಡುವೆ ಬಾಯಿ ಹಾಕಬೇಡಿ.

"ನಂದೇನಿದೆ ಹೇಳೋಕೆ?" ಅಂತಲೇ ಶುರುಮಾಡುತ್ತಾರೆ. ಅಷ್ಟಕ್ಕೇ ಎದ್ದುಬಿಡಬೇಡಿ, ಸ್ವಲ್ಪ ಕಾಯಿರಿ.